ಕೂಗಿದರೂ ಯಾರೂ ತಿರುಗಿ ನೋಡದಿದ್ದರೆ

ನೀರ್ಚಾಲು
ಆಟಿ ತಿಂಗಳು

ಚಿ. ಸುಮನಳಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಕೊನೆಗೆ ಒಂದು ಮಾತು ಉಂಟಲ್ಲ, ಕುಂಬಳೆ ಸ್ಟೇಷನ್ನಿನಲ್ಲಿ ಸೈಕಲ್ಲಿನ ಅಲಾರಂ ಕೂಗುತ್ತಲೇ ಇತ್ತು, ನೀನು ಮಂಗಳೂರಿನ ರೈಲಿಳಿದು ಬಂದು ನಿಲ್ಲಿಸುವವರೆಗೆ ಒಬ್ಬರೂ ತಿರುಗಿ ನೋಡಲಿಲ್ಲ ಅಂತ. ಅದು ನನ್ನ ತಲೆಯಿಂದ ಹೋಗುತ್ತಾ ಇಲ್ಲ. ಸೈಕಲ್ ಹೋದೀತು ಎನ್ನುವ ಹೆದರಿಕೆ ಒಂದು. ಹೋಗುವಾಗ ಹತ್ತು ಜನ ನೋಡುತ್ತಾ ನಿಲ್ಲುತ್ತಾರೆ ಎನ್ನುವುದು ಬೇರೆಯೇ ಹೆದರಿಕೆ. ನಿನಗೆ ಹಿಡಿದದ್ದು ಎರಡನೆಯದು.

ಮೊದಲು ಒಂದು ಸಮಾಧಾನ. ಆ ದಿನ ಬಂದದ್ದು ಕಳ್ಳ ಆಗಿರಲಿಕ್ಕಿಲ್ಲ. ನಿನ್ನದರಂಥ ಅಲಾರಂ ಒಮ್ಮೆ ಅಲುಗಿದರೆ ಕೆಲವು ಸೆಕೆಂಡು ಕೂಗಿ ತಾನೇ ನಿಲ್ಲುತ್ತದೆ, ಮತ್ತೆ ಅಲುಗಿದರೆ ಮತ್ತೆ ಕೂಗುತ್ತದೆ. ಬಿಡದೆ ಕೂಗುತ್ತಿತ್ತು ಎಂದಾದರೆ ಏನೋ ಅದನ್ನು ಅಲುಗಿಸುತ್ತಲೇ ಇತ್ತು. ಸ್ಟ್ಯಾಂಡಿನಲ್ಲಿ ಸಾಮಾನ್ಯವಾಗಿ ಅದು ಪಕ್ಕದ ಸೈಕಲ್ಲಿನ ಹ್ಯಾಂಡಲ್, ಇಲ್ಲವೇ ಸೈಡ್ ಸ್ಟ್ಯಾಂಡಿನ ಮೇಲೆ ಗಾಳಿಗೆ ತೂಗಾಡುವ ನಿನ್ನದೇ ಸೈಕಲ್. ಸೂಕ್ಷ್ಮತೆ ಪೂರಾ ಏರಿಸಿಟ್ಟು, ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿದ್ದರೆ ಸೈರನ್ನಿನ ನಡುಕಕ್ಕೇ ಅದು ಮತ್ತೆ ಎಚ್ಚರವಾಗುವುದೂ ಉಂಟು.

ಇನ್ನು ಜನ ಯಾಕೆ ನೋಡಲಿಲ್ಲ ಅಂತ. ಹಂದಿ ಓಡಿಸಲಿಕ್ಕೆ ಗದ್ದೆಗೆ ಕಟ್ಟುವ ಡಬ್ಬದ ಸದ್ದಿಗೆ ಎಂಟು ದಿವಸ ಕಳೆದರೆ ಹಂದಿಯೂ ಹೆದರುವುದಿಲ್ಲ, ಮನೆಯವರೂ ಏಳುವುದಿಲ್ಲ. ಪ್ರತಿ ಗೂಡ್ಸ್ ಗಾಡಿಗೂ ಕೂಗಿದರೆ ನಿನ್ನ ಅಲಾರಮ್ಮಿನ ಕತೆ ಅಷ್ಟೇ. ಆದ್ದರಿಂದ ಸೂಕ್ಷ್ಮತೆಯನ್ನು ತೀರಾ ಕೆಳಗಿಟ್ಟು ಶುರು ಮಾಡು. ಸೀಟಿಗೆ ಬೆರಳು ತಾಗಿದರೆ ಸುಮ್ಮನಿರಬೇಕು, ಹಿಂದಿನ ಚಕ್ರ ಎತ್ತಿದರೆ ಕೂಗಬೇಕು. ಅಷ್ಟರವರೆಗೆ ಮಾತ್ರ ಏರಿಸು. ಆಮೇಲೆ ಒಂದು ಗೂಡ್ಸ್ ದಾಟುವವರೆಗೆ ಅಲ್ಲೇ ನಿಂತು ನೋಡು. ಸಾಲಿನ ಕೊನೆಯಲ್ಲಿ ಜಾಗ ಸಿಕ್ಕಿದರೆ ಬಿಡಬೇಡ, ಒಂದು ಕಡೆಯ ಹ್ಯಾಂಡಲಾದರೂ ತಪ್ಪುತ್ತದೆ. ಬಾಟಲ್ ಕಟ್ಟುವ ಎರಡು ತೂತು ಫ್ರೇಮಿನಲ್ಲಿ ಉಂಟಲ್ಲ, ಅಲ್ಲಿಗೆ ಅಲಾರಮ್ಮನ್ನು ಐದು ಮಿಲಿಮೀಟರಿನ ಬೋಲ್ಟಿನಲ್ಲಿ ಬಿಗಿ ಮಾಡಿಸು. ಪ್ಲಾಸ್ಟಿಕ್ ಪಟ್ಟಿ ಬ್ಲೇಡಿಗೂ ತಾಳುವುದಿಲ್ಲ. ಸೈರನ್ನಿನ ಜಾಲರಿ ಕೆಳಮುಖವಾಗಿರಲಿ. ಮಳೆಗೆ ಹೆದರಿ ಅದರ ಮೇಲೆ ಟೇಪ್ ಅಂಟಿಸುವವರಿದ್ದಾರೆ. ನೀರು ತಡೆಯಬಹುದು, ಸದ್ದೂ ಒಳಗೇ ಉಳಿಯುತ್ತದೆ.

ಸದ್ದಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ 110 ಡೆಸಿಬೆಲ್ ಅಂತ ಇರುವುದು ಹೆಚ್ಚೆಂದರೆ ಒಂದು ಮೀಟರ್ ದೂರದ ಮಾತು. ದೂರ ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಬಯಲಿನಲ್ಲಿ 10 ಮೀಟರಿಗೆ 90, 100 ಮೀಟರಿಗೆ 70. ಆಟಿಯ ಮಳೆ ಶೀಟಿನ ಮಾಡಿಗೆ ಹೊಡೆಯುವಾಗ ಆ 70 ಯಾರ ಕಿವಿಗೂ ಬೀಳುವುದಿಲ್ಲ. ಸೆಲ್ ಅರ್ಧ ಇಳಿದಿದ್ದರೆ ಇನ್ನೂ ಕಡಿಮೆ. ಸೆಲ್ ಹಾಕುವಾಗ ಆಲ್ಕಲೈನ್ ಹಾಕು, ಮೂರನ್ನೂ ಒಟ್ಟಿಗೆ ಬದಲಿಸು. ಒಂದು ಹಳತು ಉಳಿದರೆ ಅದೇ ಸೋರಿ ಪಿನ್ನು ತಿನ್ನುತ್ತದೆ. ನಮ್ಮ ಕಡಲ ಗಾಳಿಗೆ ಪಿನ್ನು ಹಸಿರು ಹಿಡಿಯುವುದೂ ಬೇಗ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಒರಸು.

ಇಷ್ಟೆಲ್ಲ ಸರಿ ಮಾಡಿದರೂ ನಿನ್ನ ಪ್ರಶ್ನೆ ಅಲ್ಲೇ ಉಳಿಯುತ್ತದೆ, ನನಗೆ ಗೊತ್ತು. ಕೂಗುವ ಸೈಕಲ್ಲಿನ ಹತ್ತಿರ ಬಗ್ಗಿದವನು ಕಳ್ಳನೋ, ಆಫ್ ಮಾಡಲು ಪರದಾಡುವ ಯಜಮಾನನೋ ಅಂತ ನೋಡುವವನಿಗೆ ಹೇಗೆ ತಿಳಿಯಬೇಕು? ಅವನನ್ನು ಕಲ್ಲೆದೆಯವನು ಅನ್ನಬೇಡ. ಅವನಿಗೆ ಸೈಕಲ್ ಯಾರದೆಂದೇ ಗೊತ್ತಿಲ್ಲ. ಹಿಂದೆ ಸೈಕಲ್ಲಿಗೂ ತೆರಿಗೆ ಇತ್ತು, ಕಟ್ಟಿದವರಿಗೆ ತಗಡಿನ ಟೋಕನ್ ಕೊಡುತ್ತಿದ್ದರು. ಪೇಟೆಯಲ್ಲಿ ಇದ್ದದ್ದೇ ಕೆಲವು ಸೈಕಲ್. ಬೆಲ್ಲಿನ ಸದ್ದಿಗೇ ಆಳು ಯಾರೆಂದು ಗೊತ್ತಾಗುತ್ತಿತ್ತು. ಆಗಲೂ ಡೈನಮೊ ಕದಿಯುತ್ತಿದ್ದರು, ಗಾಳಿ ಪಂಪು ಕದಿಯುತ್ತಿದ್ದರು, ಅದೇನೂ ಸತ್ಯಯುಗ ಅಲ್ಲ. ಆದರೆ ಬೇರೆಯವನು ಹತ್ತಿ ಹೊರಟರೆ "ಇದು ಭಟ್ಟರದ್ದಲ್ಲವಾ, ನೀನು ಎಲ್ಲಿಗೆ?" ಅಂತ ಕೇಳುವವರು ಇದ್ದರು. ಅಂಥ ಪೇಟೆಯನ್ನು ನಿಮ್ಮ ಕೈಗೆ ದಾಟಿಸಲಿಕ್ಕೆ ನಮ್ಮಿಂದ ಆಗಲಿಲ್ಲ. ಅದರ ಬೇಜಾರು ನನಗೆ ನಿನ್ನ ಸಾಲು ಓದಿದಾಗ ಇನ್ನೂ ಹೆಚ್ಚಾಯಿತು.

ಹಾಗಾಗಿ, ಉಪದೇಶ ಅಂತ ತಿಳಿಯಬೇಡ, ಸ್ಟೇಷನ್ನಿನ ಹೊರಗೆ ಲಾಟರಿ ಮಾರುವವರು, ಚಾಯದ ಅಂಗಡಿಯವರು, ದಿನವಿಡೀ ಅಲ್ಲಿ ಕೂರುವವರು ಇದ್ದಾರಲ್ಲ, ಅವರಿಗೆ ಒಮ್ಮೆ ಸೈಕಲ್ ತೋರಿಸಿ "ಇದು ನನ್ನದು" ಅಂತ ಹೇಳಿಡು. ಸಾಧ್ಯವಾದರೆ ಅಲಾರಮ್ಮಿನ ಸದ್ದನ್ನೂ ಕೇಳಿಸು. ನಾಚಿಕೆಯಾದೀತು. ಆದರೂ ಹೇಳು.

ಆಮೇಲೆ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೋ: ಅಲಾರಂ ಕೆಲಸಕ್ಕೆ ಬರುವುದು ಓಡಿ ಬರುವವರು ಕಿವಿಯಳತೆಯಲ್ಲಿ ಇದ್ದಾಗ. ರಾತ್ರಿ ಮನೆಯ ಜಗಲಿಯಲ್ಲಿ, ನೀನು ಒಳಗಿರುವಾಗ ಲೈಬ್ರರಿಯ ಹೊರಗೆ, ಅಲ್ಲಿ ಅದು ಸರಿ. ನೀನು ಮಂಗಳೂರಿನಲ್ಲಿರುವಾಗ ಕುಂಬಳೆಯಲ್ಲಿ ಕೂಗುವ ಅಲಾರಮ್ಮನ್ನು ನಂಬಿ ಕೂರಬೇಡ. ಅಲ್ಲಿ ಬೇಕಾದ್ದು ಲಾಕು. ಚಕ್ರದ ಕಡ್ಡಿಗೆ ಸಿಕ್ಕಿಸುವ ರಿಂಗ್ ಲಾಕ್ ಸೈಕಲ್ ಉರುಳದಂತೆ ಮಾಡುತ್ತದೆ, ಎತ್ತಿಕೊಂಡು ಹೋಗದಂತೆ ಅಲ್ಲ. ಕೇಬಲ್ ಲಾಕನ್ನು ಸಣ್ಣ ಕಟರು ಕೆಲವೇ ಸೆಕೆಂಡಿನಲ್ಲಿ ತುಂಡು ಮಾಡುತ್ತದೆ. ದಪ್ಪ 13 ಮಿಲಿಮೀಟರಿಗೆ ಕಡಿಮೆ ಇಲ್ಲದ, ಹದ ಹಾಕಿದ ಉಕ್ಕಿನ ಯು-ಲಾಕ್ ತೆಗೆದುಕೋ. ಒಂದು ಕಿಲೋಗಿಂತ ಹೆಚ್ಚು ಭಾರ ಇರುತ್ತದೆ, ಇರಲಿ. ಗ್ರೈಂಡರ್ ಇದ್ದವನಿಗೆ ಅದೂ ಕೆಲವು ನಿಮಿಷದ ಕೆಲಸ, ಆದರೆ ಗ್ರೈಂಡರಿನ ಕಿಡಿ ಮತ್ತು ಕಿರುಚಾಟವನ್ನು ಯಾರೂ ಯಜಮಾನ ಅಂತ ತಪ್ಪು ತಿಳಿಯುವುದಿಲ್ಲ. ಹಾಕುವಾಗ ಹಿಂದಿನ ಚಕ್ರದ ರಿಮ್ಮು, ಫ್ರೇಮಿನ ಹಿಂದಿನ ತ್ರಿಕೋನ, ಕಾಂಕ್ರೀಟಿನಲ್ಲಿ ಹುಗಿದ ಕಂಬಿ ಮೂರೂ ಅದರೊಳಗೆ ಬರಲಿ. ನಟ್ಟಿನಲ್ಲಿ ನಿಲ್ಲಿಸಿದ ಬೋರ್ಡಿನ ಕಂಬ ಬೇಡ, ನಟ್ಟು ಬಿಚ್ಚಿದರೆ ಲಾಕಿನ ಸಮೇತ ಸೈಕಲ್ ಮೇಲಕ್ಕೆ ಬರುತ್ತದೆ. ಕೀ ತೂತು ಕೆಳಮುಖ ಇರಲಿ. ಅದಕ್ಕೆ ತೆಂಗಿನೆಣ್ಣೆ ಮಾತ್ರ ಬಿಡಬೇಡ. ನಮ್ಮವರು ಎಲ್ಲಕ್ಕೂ ಅದನ್ನೇ ಬಿಡುತ್ತಾರೆ, ಧೂಳು ಅಂಟುತ್ತದೆ, ಜನವರಿಯ ಬೆಳಗ್ಗೆ ಹೆಪ್ಪುಗಟ್ಟಿ ಕೀ ತಿರುಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು.

ಸೈಕಲ್ ಎಲ್ಲಿದೆ ಅಂತ ಫೋನಿಗೆ ತಿಳಿಸುವ ಟ್ಯಾಗ್ ಇಡಬೇಕಾ ಅಂತಲೂ ಕೇಳಿದ್ದಿ. ಇಡು. ಐಫೋನ್ ಇಲ್ಲದೆ ಏರ್‌ಟ್ಯಾಗ್ ನಿನಗೆ ಆಗದು, ಕಳೆದದ್ದನ್ನು ಹುಡುಕಿಕೊಡುವ ಆಂಡ್ರಾಯ್ಡಿನ ಫೈಂಡ್ ಹಬ್ಬಿಗೆ ಸೇರುವಂಥದ್ದು ನೋಡು. ಕಬ್ಬಿಣದ ಪೈಪಿನೊಳಗೆ ಹಾಕಿದರೆ ಸಿಗ್ನಲ್ ಹೊರಗೆ ಬಾರದು, ಸೀಟಿನ ಅಡಿಯ ಪ್ಲಾಸ್ಟಿಕ್ಕಿನಲ್ಲಿ ಅಡಗಿಸು. ಹತ್ತಿರ ಬೇರೆಯವರ ಫೋನು ಹಾದುಹೋದರೆ ಮಾತ್ರ ಅದು ಜಾಗ ತಿಳಿಸುತ್ತದೆ. ಅಡಿಕೆ ತೋಟದ ಕೊಟ್ಟಿಗೆ ಸೇರಿದರೆ ಕೊನೆಗೆ ಕಂಡ ಜಾಗವೇ ಗತಿ. ಅಪರಿಚಿತ ಟ್ಯಾಗ್ ಜೊತೆಗಿದೆ ಅಂತ ಕಳ್ಳನ ಫೋನಿಗೂ ಸ್ವಲ್ಪ ಹೊತ್ತಿಗೆ ಸೂಚನೆ ಹೋಗಬಹುದು, ಆದ್ದರಿಂದ ತಡಮಾಡಬಾರದು. ತಲಪಾಡಿಯ ಗಡಿ ದಾಟಿದೆ ಅಂತ ತೋರಿಸಿದರೂ ನೀನೊಬ್ಬಳೇ ಹುಡುಕಿಕೊಂಡು ಹೋಗಬೇಡ. ರೈಲ್ವೆಯ ಜಾಗದಿಂದ ಹೋದದ್ದಾದರೆ ದೂರು ರೈಲ್ವೆ ಪೊಲೀಸರಿಗೆ, ಹೊರಗಿನಿಂದಾದರೆ ಊರಿನ ಠಾಣೆಗೆ. ಅವರು ಮೊದಲು ಕೇಳುವುದು ಫ್ರೇಮ್ ನಂಬರು. ಸಾಮಾನ್ಯವಾಗಿ ಪೆಡಲಿನ ಅಚ್ಚಿರುವ ದಪ್ಪ ಪೈಪಿನ ಅಡಿಯಲ್ಲಿ ಕೊರೆದಿರುತ್ತದೆ; ಮಣ್ಣು ಒರಸಿ ಫೋಟೋ ತೆಗೆದು ಬಿಲ್ಲಿನ ಜೊತೆ ನನಗೂ ಕಳುಹಿಸು.

ಆದಿತ್ಯವಾರ ಬರುವಾಗ ಹೊಸ ಲಾಕಿನ ಎರಡನೇ ಕೀ ತಾ. ಎರಡೂ ಒಂದೇ ಗೊಂಚಲಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಿನ್ನ ಅಮ್ಮನದ್ದು, ನಿನಗೂ ಬಂದಿರುತ್ತದೆ.

ಇತಿ,
ನಿನ್ನ ಮಾವ