ವಾರ್ಷಿಕೋತ್ಸವದ ಸಂಗೀತ ನಾಟಕದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಈ ವರ್ಷದ ವಾರ್ಷಿಕೋತ್ಸವದಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ರವೀಂದ್ರನಾಥ ಠಾಕೂರರ ‘ತಾಶೇರ್ ದೇಶ್’ ಎಂಬ ಸಂಗೀತ ನಾಟಕವನ್ನು ಕನ್ನಡದಲ್ಲಿ ಆಡಲಿದ್ದಾರೆ. ನಿಯಮಗಳನ್ನು ಗೇಲಿ ಮಾಡುವ ನಾಟಕವನ್ನು ಶಾಲೆಯೇ ಮುಂದೆ ನಿಂತು ಆಡಿಸುವುದು ಸರಿಯೇ, ಮಕ್ಕಳು ಇದರಿಂದ ಎದುರು ಮಾತನಾಡಲು ಕಲಿಯುವುದಿಲ್ಲವೇ ಎಂದು ಕಳೆದ ಸಭೆಯಲ್ಲಿ ತಮ್ಮಲ್ಲಿ ಕೆಲವರು ಕೇಳಿದ್ದಿರಿ. ಪ್ರಶ್ನೆ ನ್ಯಾಯವಾದದ್ದು, ನಿಧಾನವಾಗಿ ಉತ್ತರಿಸಬೇಕಾದದ್ದು. ಆದ್ದರಿಂದ ಈ ಪತ್ರ.

1933ರಲ್ಲಿ ಬಂದ ಈ ನಾಟಕದಲ್ಲಿ ಅರಮನೆಯ ಸುಖ ಸಾಕಾದ ಒಬ್ಬ ರಾಜಕುಮಾರ ವರ್ತಕನ ಮಗನೊಡನೆ ಸಮುದ್ರಯಾನಕ್ಕೆ ಹೊರಟು, ಹಡಗು ಮುಳುಗಿ, ಇಸ್ಪೀಟು ಎಲೆಗಳೇ ಪ್ರಜೆಗಳಾಗಿರುವ ದ್ವೀಪವೊಂದನ್ನು ಸೇರುತ್ತಾನೆ. ಸೃಷ್ಟಿಕಾರ್ಯದಿಂದ ದಣಿದ ಬ್ರಹ್ಮನು ಸಂಜೆಯ ಹೊತ್ತು ಆಕಳಿಸಿದಾಗ ಆ ಪವಿತ್ರ ಆಕಳಿಕೆಯಿಂದ ಹುಟ್ಟಿದವರು ತಾವೆಂದು ಅಲ್ಲಿಯವರಿಗೆ ಬಲು ಹೆಮ್ಮೆ. ಅವರ ಕವಾಯತನ್ನು ಕಂಡು ರಾಜಕುಮಾರನಿಗೆ ನಗು ಬಂದರೆ, ನಗುವುದೇ ಅಪರಾಧವೆಂದು ಛಕ್ಕ ಮತ್ತು ಪಂಜ, ಅಂದರೆ ಆರು ಮತ್ತು ಐದರ ಎಲೆಗಳು, ಸಿಡಿಮಿಡಿಗೊಳ್ಳುತ್ತಾರೆ. ನೀವು ಮಾಡುತ್ತಿರುವುದಕ್ಕೆ ಅರ್ಥವೇನು ಎಂದು ಕೇಳಿದರೆ, ಅರ್ಥ ಯಾರಿಗೆ ಬೇಕು, ನಿಯಮವಿದ್ದರೆ ಸಾಕು ಎಂಬ ಧಾಟಿಯ ಉತ್ತರ ಬರುತ್ತದೆ. ನಾಟಕದ ಗೇಲಿಯೆಲ್ಲ ಈ ಉತ್ತರದ ಮೇಲಿದೆಯೇ ಹೊರತು ನಿಯಮದ ಮೇಲಲ್ಲ ಎಂಬುದು ನನ್ನ ಓದು.

ಆ ನಾಡಿನಲ್ಲಿ ಬದಲಾವಣೆ ಶುರುವಾಗುವುದು ತೀರ ಸಣ್ಣ ಸಂಗತಿಯಿಂದ. ಆಟೀನಿನ ಹೆಣ್ಣೊಬ್ಬಳು ಯಾರ ಅಪ್ಪಣೆಯನ್ನೂ ಕೇಳದೆ, ಕೇವಲ ತನಗೆ ಇಷ್ಟವಾಯಿತೆಂದು, ಹೂವು ಕೀಳಲು ತೋಪಿಗೆ ಬರುತ್ತಾಳೆ. ಅವಳು ಯಾರನ್ನೂ ಧಿಕ್ಕರಿಸುವುದಿಲ್ಲ, ಘೋಷಣೆ ಕೂಗುವುದಿಲ್ಲ, ಹಾಡುತ್ತಾಳೆ, ಅಷ್ಟೆ. ಠಾಕೂರರು ಈ ನಾಟಕದ ಪರಿಷ್ಕೃತ ಆವೃತ್ತಿಯನ್ನು ಸುಭಾಷಚಂದ್ರ ಬೋಸರಿಗೆ ಅರ್ಪಿಸಿದ್ದರಿಂದ ಇದನ್ನು ದೇಶದ ಸ್ವಾತಂತ್ರ್ಯದ ರೂಪಕವಾಗಿ ಓದುವವರೂ ಇದ್ದಾರೆ. ಹಾಗೆ ಓದಿದರೆ ತಪ್ಪಿಲ್ಲ, ಆದರೆ ನಮ್ಮ ಮಕ್ಕಳ ವಯಸ್ಸಿಗೆ ಹತ್ತಿರವಾದದ್ದು ಆ ಹುಡುಗಿಯ ಹೂವೇ.

ಪೋಷಕರಾದ ತಾವು ವಿಶೇಷವಾಗಿ ಗಮನಿಸಬೇಕಾದ ಪಾತ್ರ ಇನ್ನೊಂದಿದೆ. ಮೊದಲ ಭಾಗದಲ್ಲಿ ರಾಜಮಾತೆ ಮಗನನ್ನು ತಡೆಯುವುದಿಲ್ಲ. ಹಿಡಿದಿಟ್ಟುಕೊಳ್ಳಲು ಹೋದರೆ ಕಳೆದುಕೊಳ್ಳುತ್ತೇನೆಂದು ಆಕೆಗೆ ಗೊತ್ತು. ಬಿಳಿಗಂಧದ ತಿಲಕವಿಟ್ಟು ಕಳಿಸುವ ಮಾತಾಡುತ್ತಾಳೆ. ಈ ದೃಶ್ಯ ಚಿಕ್ಕದು. ತಾಲೀಮಿನಲ್ಲಿ ಮಕ್ಕಳು ಇದನ್ನು ಬೇಗ ಮುಗಿಸಿ ಎಲೆಗಳ ಕವಾಯತಿಗೆ ಹಾರಲು ನೋಡುತ್ತಾರೆ. ನಾನು ಮಾತ್ರ ಇದನ್ನೇ ಮತ್ತೆ ಮತ್ತೆ ಮಾಡಿಸಿರೆಂದು ಸಂಗೀತ ಶಿಕ್ಷಕರಿಗೆ ಹೇಳಿದ್ದೇನೆ.

ಕಡಲತೀರಕ್ಕೇ ಠಾಕೂರರ ಹೆಸರಿರುವ ಕಾರವಾರದವರಾದ ನಮಗೆ ಅವರು ದೂರದವರಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ಕವಿ ಇಲ್ಲಿಗೆ ಬಂದು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಅದರ ಸನ್ಯಾಸಿ ಎಲ್ಲ ಬಂಧಗಳನ್ನೂ ಹರಿದುಕೊಂಡು ತಾನು ಮುಕ್ತನಾದೆನೆಂದು ಬೀಗುತ್ತಾನೆ. ಒಬ್ಬ ಅನಾಥ ಬಾಲಕಿಯ ಅಕ್ಕರೆ ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುತ್ತದೆ, ಅವನು ಹಿಂತಿರುಗುವ ಹೊತ್ತಿಗೆ ಅವಳು ಇರುವುದಿಲ್ಲ. ಅಪ್ಪಣೆಗೆ ಕುಣಿಯುವ ಎಲೆಗಳ ಕಥೆಯನ್ನು ಬರೆದವರೇ, ಅದಕ್ಕೆ ಐವತ್ತು ವರ್ಷ ಮೊದಲು, ಯಾರ ಹಂಗೂ ಬೇಡವೆಂದವನ ಕಥೆಯನ್ನೂ ಬರೆದಿದ್ದರು. ಮಕ್ಕಳಿಗೆ ಎರಡನ್ನೂ ಹೇಳಿಕೊಟ್ಟಿದ್ದೇವೆ.

ಇನ್ನು ಎದುರು ಮಾತಿನ ವಿಷಯ. ತಾಲೀಮು ಶುರುವಾದ ಮೇಲೆ ಮಕ್ಕಳು ಶಾಲೆಯ ನಿಯಮಗಳಿಗೂ ಕಾರಣ ಕೇಳತೊಡಗಿದ್ದಾರೆಂಬುದು ನಿಜ. ಮೆಟ್ಟಿಲು ಇಳಿಯುವಾಗ ಸಾಲು ಏಕೆ ಎಂದು ಕೇಳಿದವರನ್ನು ದೈಹಿಕ ಶಿಕ್ಷಣ ಶಿಕ್ಷಕರು ಬೆಲ್ಲಿನ ಹೊತ್ತಿಗೆ ಆ ಇಕ್ಕಟ್ಟಾದ ಮೆಟ್ಟಿಲ ಕೆಳಗೆ ನಿಲ್ಲಿಸಿ ತೋರಿಸಿದರು. ಈಗ ಸಾಲು ತಪ್ಪಿದವರನ್ನು ಆ ಮಕ್ಕಳೇ ಗದರುತ್ತಾರೆ. ಹೆಣ್ಣುಮಕ್ಕಳ ರಿಬ್ಬನ್ನಿನ ಬಣ್ಣಕ್ಕೆ ಮಾತ್ರ ನಮ್ಮಲ್ಲಿ ಯಾರಿಗೂ ಕಾರಣ ಹೊಳೆಯಲಿಲ್ಲ. ಅದು ಶಿಕ್ಷಕರ ಸಭೆಯ ಮುಂದಿದೆ.

ಪಾತ್ರ ಹಂಚಿಕೆಯ ಬಗ್ಗೆ ಬಂದ ಮನವಿಗಳಿಗೂ ಇಲ್ಲಿಯೇ ಉತ್ತರಿಸುತ್ತೇನೆ. ರಂಗದ ಮೇಲೆ ಬರಲು ಒಲ್ಲದ ಮಗುವನ್ನು ನಾವು ಒತ್ತಾಯಿಸುವುದಿಲ್ಲ, ತಾವೂ ಒತ್ತಾಯಿಸಬಾರದೆಂದು ವಿನಂತಿ. ರಟ್ಟಿನ ಎಲೆಗಳಿಗೆ ಬಣ್ಣ ಹಚ್ಚುವ ಗುಂಪಿನಲ್ಲಿ ಇನ್ನೂ ಸ್ಥಳವಿದೆ. ವೇಷಭೂಷಣಕ್ಕೆ ಹಣ ಸಂಗ್ರಹಿಸುವುದಿಲ್ಲ. ತಾಲೀಮು ಸಂಜೆ ಐದೂವರೆಗೆ ಮುಗಿಯುತ್ತದೆ. ಕಟ್ಟೆಗಳೆಲ್ಲ ಒಡೆಯಲಿ ಎಂಬ ಕೊನೆಯ ಹಾಡು ಮನೆಯಲ್ಲಿ ರಾತ್ರಿ ಹತ್ತರವರೆಗೂ ನಡೆಯುತ್ತಿದೆಯೆಂದು ಒಬ್ಬರು ತಾಯಿ ದೂರಿದ್ದಾರೆ; ಆ ನಿಯಮವನ್ನು, ಕಾರಣ ಹೇಳಿ, ತಾವೇ ಮಾಡಬಹುದು.

ನಾಟಕದಿಂದ ಹಿಂದೆ ಸರಿಯಬಯಸುವ ವಿದ್ಯಾರ್ಥಿಗಳ ಪರವಾಗಿ ತಾವು ಚೀಟಿ ಬರೆದು ಕಳಿಸುವುದು ಬೇಡ. ಅವರೇ ನನ್ನ ಕೊಠಡಿಗೆ ಬಂದು ಹೇಳಲಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ