ಎಂಜಿನ್ ಬದಲಿಸುವ ಮೊದಲು ಪೈಪು ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಎಂಜಿನ್ ಕೈಕೊಟ್ಟು ನಾಡದೋಣಿ ಅಳಿವೆಯಲ್ಲಿ ಮಗುಚಿದ ಸುದ್ದಿ ಕರಾವಳಿಯ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಬೆನ್ನಿಗೇ, ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ ಬದಲಿಸಲು ಸಬ್ಸಿಡಿ ಕೊಡಿ ಎಂಬ ಬೇಡಿಕೆ. ಸಬ್ಸಿಡಿ ಬೇಡ ಎನ್ನುವವನು ನಾನಲ್ಲ. ಆದರೆ ಗಂಗೊಳ್ಳಿ, ಕೋಡಿ, ಮರವಂತೆ ಕಡೆಯ ದೋಣಿಗಳ ಎಂಜಿನ್ ಬಿಚ್ಚಿ ಕಟ್ಟುತ್ತಲೇ ತಲೆ ಹಣ್ಣಾದ ಮೆಕ್ಯಾನಿಕ್ ನಾನು. ‘ನಡುನಡುವೆ ಎಳೆತ ಬಿಡುತ್ತದೆ’ ಎಂದು ನನ್ನಲ್ಲಿಗೆ ಹೊತ್ತು ತರುವ ಹಳೆಯ ಎಂಜಿನ್‌ಗಳಲ್ಲಿ ಹೆಚ್ಚಿನವುಗಳ ರೋಗ ಎಂಜಿನ್ನಿನ ಒಳಗೆ ಇರುವುದೇ ಇಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಆ ಒಂದು ತುಂಡು ರಬ್ಬರ್ ಪೈಪಿನಲ್ಲಿ ಇರುತ್ತದೆ.

ಲಕ್ಷಣ ಎಲ್ಲರಿಗೂ ಗೊತ್ತಿರುವುದೇ. ದಡದಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್. ಅಳಿವೆ ದಾಟಿ ಪೂರ್ತಿ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸದ್ದು ಇಳಿಯುತ್ತದೆ. ಥ್ರಾಟಲ್ ಸಣ್ಣ ಮಾಡಿದರೆ ಚೇತರಿಸಿಕೊಳ್ಳುತ್ತದೆ, ಮತ್ತೆ ಕೊಟ್ಟರೆ ಮತ್ತೆ ಇಳಿಯುತ್ತದೆ. ಪ್ಲಗ್ ಹೊಸದು ಹಾಕುತ್ತಾರೆ, ಕಾರ್ಬುರೇಟರ್ ತೊಳೆಯುತ್ತಾರೆ, ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಯೂನಿಟ್ಟಿಗೆ ಸಾವಿರಗಟ್ಟಲೆ ಸುರಿಯುತ್ತಾರೆ. ಆಮೇಲೆ ಡ್ರಮ್ಮಿನ ನೀರಿನಲ್ಲಿ ಓಡಿಸಿ ನೋಡಿ ‘ಸರಿ ಆಯ್ತು’ ಎನ್ನುತ್ತಾರೆ. ಡ್ರಮ್ಮಿನಲ್ಲಿ ಯಾವ ಭಾರವೂ ಇಲ್ಲದಿರುವಾಗ ಎಂಜಿನ್ನಿಗೆ ಬೇಕಾಗುವ ಇಂಧನವೇ ಅಷ್ಟಿಷ್ಟು. ಕಟ್ಟಿಕೊಂಡ ಪೈಪಿನಲ್ಲೂ ಅಷ್ಟು ಬಂದೇ ಬರುತ್ತದೆ. ಈ ರೋಗ ಹಿಡಿಯಬೇಕಾದರೆ ಮೆಕ್ಯಾನಿಕ್ ದೋಣಿ ಹತ್ತಬೇಕು. ನಮ್ಮಲ್ಲಿ ಹತ್ತುವವರು ಕಡಿಮೆ.

ಕಳೆದ ಮಳೆಗಾಲದ ಒಂದು ದೋಣಿಯ ಕತೆ ಹೇಳುತ್ತೇನೆ. 9.9 ಅಶ್ವಶಕ್ತಿಯ ಟೂ ಸ್ಟ್ರೋಕ್, ಎರಡು ಸಿಲಿಂಡರಿನ ಹಳೆಯ ಎಂಜಿನ್. ‘ಇದ್ನ ಗುಜ್ರಿಗ್ ಹಾಕುದೇ ಸಮ’ ಎಂದು ಮಾಲೀಕರು ತೀರ್ಮಾನಿಸಿಯಾಗಿತ್ತು. ಜೊತೆಗೆ ಹೋಗಿ ಕುಳಿತೆ. ಸದ್ದು ಇಳಿಯತೊಡಗಿದ್ದೇ ಪೈಪಿನ ನಡುವೆ ಇಂಧನ ಮುಂದಕ್ಕೆ ತಳ್ಳಲು ಇರುವ ರಬ್ಬರ್ ಬಲ್ಬನ್ನು ಹಿಸುಕಿದೆ. ಎಂಜಿನ್ ಮತ್ತೆ ಎದ್ದಿತು. ಹಿಸುಕಿದಾಗ ಎದ್ದರೆ ಕರೆಂಟಿನ ತಂಟೆಯಲ್ಲ, ಇಂಧನ ಸಾಲುತ್ತಿಲ್ಲ ಎಂದೇ ಅರ್ಥ. ಇನ್ನೊಂದು ಗುರುತು ಬಲ್ಬೇ ಕೊಟ್ಟಿತು. ಅದು ಮೆತ್ತಗಾಗಿರಲಿಲ್ಲ, ಒಳಕ್ಕೆ ಕುಗ್ಗಿ ಚಪ್ಪಟೆಯಾಗಿತ್ತು. ಬಲ್ಬ್ ಎಷ್ಟು ಹಿಸುಕಿದರೂ ಗಟ್ಟಿಯಾಗದೆ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ತೂತಾದ ಪಪ್ಪಾಯಿ ದಂಟಿನಲ್ಲಿ ಎಳನೀರು ಎಳೆದ ಹಾಗೆ. ಚಪ್ಪಟೆಯಾದರೆ ಮಾತ್ರ ಹಿಂದೆ, ಟ್ಯಾಂಕಿನ ಕಡೆ, ಏನೋ ಕಟ್ಟಿಕೊಂಡಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಬಿಡುವ ಸ್ಕ್ರೂ ತೆರೆದೇ ಇತ್ತು, ಟ್ಯಾಂಕಿನೊಳಗಿನ ಜಾಲರಿಯೂ ಶುದ್ಧ. ಕೊನೆಗೆ ಪೈಪನ್ನು ಉದ್ದಕ್ಕೆ ಸೀಳಿದಾಗ ಸಿಕ್ಕಿತು: ಒಳಪದರ ಸುಲಿದು ನಾಲಗೆಯಾಗಿ ನಿಂತಿದೆ. ನಿಧಾನ ಓಟಕ್ಕೆ ದಾರಿ ಬಿಡುತ್ತದೆ, ಜೋರಾಗಿ ಎಳೆದಾಗ ಬಾಯಿ ಮುಚ್ಚುತ್ತದೆ. ಹೊರಗಿನಿಂದ ಪೈಪು ಹೊಸದರಂತೆಯೇ ಇತ್ತು.

ಎಲ್ಲವೂ ಪೈಪಿನದೇ ಎಂದು ನಾನು ಹೇಳುತ್ತಿಲ್ಲ. ಸದ್ದು ಮೆಲ್ಲಗೆ ಇಳಿಯದೆ ಕತ್ತರಿಸಿದ ಹಾಗೆ ಒಮ್ಮೆಲೇ ಅರ್ಧವಾದರೆ, ಅದೂ ಬಿಸಿಯಾದ ಮೇಲೆ ಮಾತ್ರ ಆದರೆ, ಕಿಡಿ ಕೊಡುವ ಕಾಯಿಲ್ ನೋಡಬೇಕು. ಸದ್ದು ಏರಿ ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿನ ರಬ್ಬರ್ ಬುಷ್ ಜಾರುತ್ತಿದೆ. ಸೀಮೆಎಣ್ಣೆ ಎಂಜಿನ್ನಾದರೆ ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸುವ ಕಾಕಿನ ವಾಷರ್ ಸವೆದು ಗಾಳಿ ಎಳೆಯುವುದೂ ಉಂಟು. ಬಲ್ಬಿಗೂ ಎಂಜಿನ್ನಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಸಿಕ್ಕಿಸಿ ಓಡಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಬಲ್ಬ್ ಹಿಸುಕುತ್ತಾ ದಿನವೂ ಮೀನಿಗೆ ಹೋಗುವವರಿದ್ದಾರೆ. ದಡ ಸೇರಲು ಸರಿ, ಅದನ್ನೇ ಅಭ್ಯಾಸ ಮಾಡಿಕೊಳ್ಳಬಾರದು. ಇಂಧನಕ್ಕೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕಿನಲ್ಲಿ ಆಯಿಲ್ ಹೋಗುವುದು ಇಂಧನದ ಜೊತೆಗೇ. ಇಂಧನ ಕಡಿಮೆಯಾದರೆ ಆಯಿಲೂ ಕಡಿಮೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನೂರಿನ್ನೂರು ರೂಪಾಯಿಯ ಪೈಪಿನ ತಂಟೆ ಹೀಗೆ ಎಂಜಿನ್ನಿಗೇ ಮುಟ್ಟುತ್ತದೆ.

ಈಗ ಈ ಮಾತು ಎತ್ತಲು ಕಾರಣವಿದೆ. ಸೀಮೆಎಣ್ಣೆ ಸಿಗುವುದು ಕಷ್ಟವಾದಂತೆ ನಮ್ಮವರು ಪೆಟ್ರೋಲಿಗೆ ತಿರುಗುತ್ತಿದ್ದಾರೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025ಕ್ಕೆ ತಂದಿತು. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಕಡಲ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲೂ ನೀರೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪು ಎಳೆಯುವುದು ತಳದಿಂದಲೇ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲಿ ಉಳಿದಿರುತ್ತದೆ. ಕಾರು, ಬೈಕಿನವರ ಮೈಲೇಜಿನ ದೂರು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಕಾರು ನಿಂತರೆ ಇಳಿದು ತಳ್ಳಬಹುದು. ಅಳಿವೆಯ ಅಲೆಗೆ ಅಡ್ಡವಾಗಿ ದೋಣಿ ನಿಂತರೆ ಏನು ಮಾಡುವುದು?

ಮೀನುಗಾರಿಕೆ ಇಲಾಖೆ ಎಂಜಿನ್ನಿಗೆ ಸಹಾಯಧನ ಕೊಡುವಾಗ ಎಥೆನಾಲ್ ತಾಳುವ ಪೈಪು, ಬಲ್ಬ್, ನೀರು ಬೇರ್ಪಡಿಸುವ ಫಿಲ್ಟರುಗಳನ್ನೂ ಸೇರಿಸಿ ಕೊಡಲಿ. ಹಳೆಯ ಎಂಜಿನ್ ಇಟ್ಟುಕೊಂಡವರಿಗೆ ಇವಿಷ್ಟನ್ನೇ ಕೊಟ್ಟರೂ ಸಾಕು. ಹೊಸ ಎಂಜಿನ್ನಿನ ಖರ್ಚಿನ ಮುಂದೆ ಇದು ಲೆಕ್ಕಕ್ಕಿಲ್ಲ. ಬಂದರುಗಳಲ್ಲಿ ಒಂದೊಂದು ದಿನದ ತಪಾಸಣಾ ಶಿಬಿರವನ್ನೂ ನಡೆಸಲಿ, ಆದರೆ ಆಗಸ್ಟಿನಲ್ಲಿ ಬೇಡ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳು ಹೆಚ್ಚಾಗಿ ಕಡಲಿಗಿಳಿಯುವುದು ಆ ಎರಡು ತಿಂಗಳಲ್ಲೇ. ಶಿಬಿರ ಮೇ ತಿಂಗಳಲ್ಲಿ ಆಗಬೇಕು, ಟ್ಯಾಂಕು ಪೈಪುಗಳನ್ನು ಜೊತೆಗೆ ತರಲು ಹೇಳಬೇಕು. ಎಂಜಿನ್ ಮನೆಯಲ್ಲೇ ಇರಲಿ.

– ಔಟ್‌ಬೋರ್ಡ್ ಮೆಕ್ಯಾನಿಕ್, ಗಂಗೊಳ್ಳಿ