ಸೊನ್ನೆ ಬಂತೆಂದು ಕೈಬಿಡಬೇಡ

ಮಂಡ್ಯ

ಚಿರಂಜೀವಿ ಪುಟ್ಟಿಗೆ ನಿನ್ನ ತಾತ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೋದ ವಾರ ಮಾನಸಗಂಗೋತ್ರಿಯಿಂದ ಬಂದವಳು, ಲೋಲಕದಂತೆ ಲಯವಾಗಿ ತೂಗುವ ನೂರು ಆಂದೋಲಕಗಳನ್ನು ಜಾಲವಾಗಿ ಹೆಣೆದರೂ, ಅವು ಎಷ್ಟು ಒಟ್ಟಿಗೆ ತಾಳ ಹಿಡಿದಿವೆಯೆಂದು ಸೊನ್ನೆಯಿಂದ ಒಂದರವರೆಗೆ ಅಳೆಯುವ ಆರ್ಡರ್ ಪ್ಯಾರಾಮೀಟರ್ ಸೊನ್ನೆಯ ಹತ್ತಿರವೇ ನಿಂತಿತೆಂದು ಮುಖ ಸಣ್ಣದು ಮಾಡಿಕೊಂಡೆಯಲ್ಲ, ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಲೆಕ್ಕವನ್ನು ಅಳಿಸಬೇಡ.

1665ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಲೋಲಕ ಗಡಿಯಾರಗಳು, ತಾಳ ತಪ್ಪಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹೊಂದಿಕೊಳ್ಳುತ್ತಿದ್ದವು. ಆದರೆ ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಜಪಾನಿನ ಭೌತವಿಜ್ಞಾನಿ ಕುರಮೊಟೊ ಕೊಟ್ಟ ಆ ಆರ್ಡರ್ ಪ್ಯಾರಾಮೀಟರಿನ ಅಳತೆಯಲ್ಲಿ ನಾವು ಪ್ರತಿಯೊಂದರ ಫೇಸನ್ನು, ಅಂದರೆ ಅದು ತನ್ನ ಸುತ್ತಿನಲ್ಲಿ ಎಲ್ಲಿದೆಯೆಂಬುದನ್ನು, ವೃತ್ತದ ಮೇಲಿನ ಬಾಣವೆಂದು ಭಾವಿಸಿ ಸರಾಸರಿ ತೆಗೆಯುವುದರಿಂದ, ಎದುರುಬದುರಾದ ಈ ಎರಡು ಬಾಣಗಳಿಗೆ ಬರುವ ಉತ್ತರ ಸೊನ್ನೆ. ಅಷ್ಟು ಕರಾರುವಾಕ್ಕಾದ ಹೊಂದಾಣಿಕೆಗೂ ಒಂದೊಂದು ಒಂದೊಂದು ದಿಕ್ಕು ಹಿಡಿದ ಗೊಂದಲಕ್ಕೂ ಅದೇ ಸೊನ್ನೆ. ನಿನ್ನ ನೂರು ಆಂದೋಲಕಗಳು ಐವತ್ತೈವತ್ತಾಗಿ ಎದುರು ನಿಂತಿಲ್ಲವೆಂದು ಹೇಗೆ ಹೇಳುತ್ತೀಯೆ?

ನಾನು ವಿದ್ಯುದಾಗಾರದ ಕೆಲಸಕ್ಕೆ ಸೇರಿದ ವರ್ಷ, ಜನರೇಟರನ್ನು ಗ್ರಿಡ್ಡಿಗೆ ಸೇರಿಸುವಾಗ ವೋಲ್ಟೇಜು ಸರಿಯಿದೆ, 50 ಹರ್ಟ್ಸ್ ಸರಿಯಿದೆ ಎಂದು ಬ್ರೇಕರಿನ ಸ್ವಿಚ್ಚಿಗೆ ಕೈ ಹಾಕಿದ್ದೆ. ಹಿರಿಯ ಆಪರೇಟರು ನನ್ನ ಮಣಿಕಟ್ಟು ಹಿಡಿದು ಜನರೇಟರಿಗೂ ಗ್ರಿಡ್ಡಿಗೂ ಇರುವ ಫೇಸಿನ ಅಂತರವನ್ನು ಗಡಿಯಾರದಂಥ ಮುಖದ ಮೇಲೆ ಕಾಣಿಸುವ ಸಿಂಕ್ರೋಸ್ಕೋಪಿನ ಕಡೆ ತೋರಿಸಿದರು. ತೀರ ನಿಧಾನವಾಗಿ ಸುತ್ತುತ್ತಿದ್ದ ಮುಳ್ಳು ಆರು ಗಂಟೆಯ ಜಾಗದಲ್ಲಿತ್ತು, ಅಂದರೆ ವೇಗ ಹೆಚ್ಚುಕಡಿಮೆ ಸಮನಾಗಿದ್ದರೂ ಫೇಸು ಪೂರ್ತಿ ಎದುರಾಗಿತ್ತು. ಆ ಗಳಿಗೆಯಲ್ಲಿ ಸೇರಿಸಿದ್ದರೆ ಯಂತ್ರದ ಶಾಫ್ಟಿಗೇ ಪೆಟ್ಟಾಗಬಹುದಿತ್ತು. ಮುಳ್ಳು ಹನ್ನೆರಡರ ಹತ್ತಿರ ಬರುವ ತನಕ ಅವರು ನನ್ನ ಕೈ ಬಿಡಲಿಲ್ಲ.

ಆದ್ದರಿಂದ ಸರಾಸರಿಗೆ ಮೊದಲು ಪ್ರತಿ ಆಂದೋಲಕಕ್ಕೂ ಒಂದು ಸಾಲು ಕೊಟ್ಟು, ಕಾಲ ಸರಿದಂತೆ ಅದರ ಫೇಸು ಹೇಗೆ ನಡೆಯಿತೆಂಬ ಚಿತ್ರ ಬರೆ. ಎರಡು ಗುಂಪುಗಳ ಅನುಮಾನವಿದ್ದರೆ ಫೇಸುಗಳನ್ನು ಇಮ್ಮಡಿಸಿ ಸರಾಸರಿ ತೆಗೆ. ಎದುರುಬದುರಿನ ಬಾಣಗಳು ಆಗ ಒಂದೇ ದಿಕ್ಕಿಗೆ ತಿರುಗಿ, ಅಳತೆ ಒಂದರ ಹತ್ತಿರ ಬರುತ್ತದೆ. ಆರಂಭದ ಫೇಸುಗಳನ್ನು ಬದಲಿಸಿಯೂ ನೋಡು, ಏಕೆಂದರೆ ಅದೇ ಜಾಲ ಬೇರೆ ಆರಂಭದಿಂದ ಬೇರೆ ವಿನ್ಯಾಸಕ್ಕೆ ನೆಲೆಗೊಳ್ಳಬಹುದು.

ಅಳತೆ ನಡುವೆಲ್ಲೋ ನಿಂತರೂ ಬೇಸರ ಬೇಡ. 2002ರಲ್ಲಿ ಕುರಮೊಟೊ ಮತ್ತು ಬಟ್ಟೊಗ್ತೊಖ್ ತೋರಿಸಿದಂತೆ, ಎಲ್ಲವೂ ಒಂದೇ ಬಗೆಯ ಆಂದೋಲಕಗಳಾಗಿದ್ದು, ಹತ್ತಿರದವುಗಳ ಜೋಡಣೆ ಬಲವಾಗಿ ದೂರದವುಗಳದು ಸಡಿಲವಾಗಿದ್ದಾಗಲೂ, ಒಂದು ಭಾಗ ತಾಳ ಹಿಡಿದು ಉಳಿದದ್ದು ಚೆದುರಿಯೇ ಇರಬಲ್ಲದು. 2004ರಲ್ಲಿ ಅಬ್ರಾಮ್ಸ್ ಮತ್ತು ಸ್ಟ್ರೊಗಾಟ್ಸ್ ಈ ಸ್ಥಿತಿಗೆ ಗ್ರೀಕರ ಕೈಮೀರಾ ಎಂಬ ಮಿಶ್ರಮೃಗದ ಹೆಸರಿಟ್ಟರು. ಸೋಮನಾಥಪುರದ ಗೋಡೆಯ ಮಕರವನ್ನು ಬಲ್ಲ ನಮಗೆ ಅದು ಹೊಸದಲ್ಲ.

ಭಾನುವಾರ ಬರುವಾಗ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಾ. ಸಾಲುಗಳನ್ನು ಇಬ್ಬರೂ ಕೂತು ಒಂದೊಂದಾಗಿ ನೋಡೋಣ.

ಇಂತು,
ನಿನ್ನ ತಾತ